ಒರೆಸುವ ಮುಂಚೆ ಊದಿ, ಊದುವ ಮುಂಚೆ ನೋಡಿ

ಎಫ್ 22ರಲ್ಲಿ, ಅಂದರೆ ಲೆನ್ಸ್‌ನ ಕಿಂಡಿ ತೀರಾ ಕಿರಿದು ಮಾಡಿ, ಬಿಳಿ ಗೋಡೆಯ ಫೋಟೊ ತೆಗೆದು ನೋಡಿದರೆ ಸ್ವಲ್ಪ ಬಳಸಿದ ಯಾವ ಕ್ಯಾಮೆರಾ ಆದರೂ ಗಲೀಜಾಗಿಯೇ ಕಾಣುತ್ತದೆ. ಲೆನ್ಸ್ ಬಿಚ್ಚಿ ಹಾಕುವ ಕ್ಯಾಮೆರಾ ಅಂದಮೇಲೆ ಒಳಗೆ ಧೂಳು ಹೋಗೇ ಹೋಗುತ್ತದೆ. ನನ್ನ ಹತ್ತಿರ ಸರ್ವಿಸ್‌ಗೆ ಬರುವವರಲ್ಲಿ ಬಹಳ ಮಂದಿ ಈ ಪರೀಕ್ಷೆ ಮಾಡಿ ಗಾಬರಿಯಾದವರು. ಕೆಲವರು ಗಾಬರಿಯಲ್ಲಿ ಕನ್ನಡಕದ ಬಟ್ಟೆ ತಗೊಂಡು ತಾವೇ ಒರೆಸಿ, ಚುಕ್ಕಿ ಇದ್ದ ಕಡೆ ಗೀರು ಮಾಡಿಕೊಂಡು ಬಂದವರು.

ಧೂಳು ಕೂರುವುದು ಸೆನ್ಸರ್‌ನ (ಬೆಳಕು ಹಿಡಿದು ಫೋಟೊ ಮಾಡುವ ಚಿಪ್) ಮುಂದೆ ಇರುವ ಫಿಲ್ಟರ್ ಗಾಜಿನ ಮೇಲೆ. ಗಾಜಿಗೂ ಪಿಕ್ಸೆಲ್‌ಗಳಿಗೂ ನಡುವೆ ಚೂರು ಅಂತರ ಇದೆ, ಹಾಗಾಗಿ ಫೋಟೊದಲ್ಲಿ ಬೀಳುವುದು ಧೂಳಿನ ನೆರಳು. ಎಫ್ 2.8ರಲ್ಲಿ ಬೆಳಕು ಅಗಲವಾಗಿ, ನಾನಾ ಕೋನದಿಂದ ಬಂದು ಬೀಳುವುದರಿಂದ ನೆರಳು ಹರಡಿ ಮಾಯವಾಗುತ್ತದೆ. ಎಫ್ 16ಕ್ಕೆ ಹೋದರೆ ಬೆಳಕಿನ ದಾರಿ ಕಿರಿದಾಗಿ ಅದೇ ಕಣ ಗಟ್ಟಿ ಕಪ್ಪು ಚುಕ್ಕಿಯಾಗುತ್ತದೆ. ಬರೀ ಪೋರ್ಟ್ರೇಟ್ ತೆಗೆಯುವವರಿಗೆ ಗೊತ್ತೇ ಆಗದ ಧೂಳು ಲ್ಯಾಂಡ್‌ಸ್ಕೇಪ್, ಮ್ಯಾಕ್ರೋ ತೆಗೆಯುವವರಿಗೆ ತಲೆನೋವಾಗುವುದು ಇದಕ್ಕೇ. ನೀವು ನಿಜವಾಗಿ ಬಳಸುವ ಅಪರ್ಚರ್‌ನಲ್ಲಿ, ಅಂದರೆ ಎಫ್ ಸಂಖ್ಯೆಯಲ್ಲಿ, ಚುಕ್ಕಿ ಕಾಣುತ್ತದಾ, ಅದನ್ನು ನೋಡಿ. ಎಫ್ 8ರಲ್ಲೇ ಕೆಲಸ ಮಾಡುವವರು ಎಫ್ 22ರ ಚುಕ್ಕಿ ಹುಡುಕಿ ಒರೆಸುವುದು ಸುಮ್ನೆ ಅಪಾಯ ತಂದುಕೊಳ್ಳುವ ಕೆಲಸ.

ಪರೀಕ್ಷೆ ಸುಲಭ. ಐಎಸ್ಓ 100, ಎಫ್ 16, ಮ್ಯಾನುಯಲ್ ಫೋಕಸ್‌ಗೆ ಹಾಕಿ ಫೋಕಸ್ ತಪ್ಪಿಸಿ, ಗೋಡೆಗೋ ಖಾಲಿ ಆಕಾಶಕ್ಕೋ ಹಿಡಿದು ಕ್ಲಿಕ್ ಮಾಡಿ. ಶಟರ್ ನಿಧಾನವಾದರೂ ಪರವಾಗಿಲ್ಲ, ಬೇಕಂತಲೇ ಕೈ ಅಲ್ಲಾಡಿಸಿ. ಗೋಡೆಯ ಕಲೆ ಕರಗಿಹೋಗುತ್ತದೆ, ಸೆನ್ಸರ್ ಧೂಳು ಅಲ್ಲೇ ಉಳಿಯುತ್ತದೆ. ಲೆನ್ಸ್ ಬದಲಿಸಿದರೂ ಅದೇ ಜಾಗದಲ್ಲಿದ್ದರೆ ಖಾತ್ರಿ. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ವ್ಯೂಫೈಂಡರ್‌ನಲ್ಲಿ ಮಾತ್ರ ಕಾಣುವ ಕಸ ಬೇರೆ, ಅದು ಫೋಟೊಗೆ ಬರುವುದೇ ಇಲ್ಲ. ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡುತ್ತದೆ ಅಲ್ವಾ, ಹಾಗಾಗಿ ಫೋಟೊದ ಮೇಲ್ಗಡೆ ಕಂಡ ಚುಕ್ಕಿ ಗಾಜಿನ ಕೆಳಗಡೆ ಇರುತ್ತದೆ. ಎದುರಿನಿಂದ ನೋಡುವಾಗ ಎಡ ಬಲ ಮಾತ್ರ ಫೋಟೊದಲ್ಲಿದ್ದ ಹಾಗೇ.

ಮೊದಲು ಕ್ಯಾಮೆರಾದ್ದೇ ಕ್ಲೀನಿಂಗ್ ಓಡಿಸಿ. 2003ರಲ್ಲಿ ಒಲಿಂಪಸ್ ಇ-1 ತಂದ ಉಪಾಯ ಇದು: ಗಾಜನ್ನು ಅತಿ ವೇಗವಾಗಿ ನಡುಗಿಸಿ ಧೂಳು ಉದುರಿಸುವುದು. ಒಣ ಧೂಳಿಗೆ ಸಾಕು, ಅಂಟಿದ್ದಕ್ಕೆ ಆಗದು.

ಆಮೇಲೆ ರಬ್ಬರ್ ಬ್ಲೋವರ್. ಬ್ಯಾಟರಿ ಫುಲ್ ಇರಲಿ. ಮೆನುವಿನಲ್ಲಿ ಸೆನ್ಸರ್ ಕ್ಲೀನಿಂಗ್ ಮೋಡ್‌ಗೆ ಹೋಗಿ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಹಿಡಿದು, ತುದಿ ಒಳಗೆಲ್ಲೂ ತಾಗದ ಹಾಗೆ ಊದಿ; ಅದಕ್ಕೂ ಮುಂಚೆ ಒಂದೆರಡು ಸಲ ಹೊರಗೆ ಊದಿಬಿಡಿ, ಬ್ಲೋವರ್ ಒಳಗಿನ ಧೂಳು ಹೋಗಲಿ. ಬಲ್ಬ್ ಮೋಡ್‌ನಲ್ಲಿ (ಬಟನ್ ಒತ್ತಿರುವಷ್ಟು ಹೊತ್ತು ಶಟರ್ ತೆರೆದಿರುವ ಮೋಡ್) ಶಟರ್ ತೆರೆದಿಟ್ಟು ಈ ಕೆಲಸ ಬೇಡ, ಬೆರಳು ಜಾರಿದರೆ ಶಟರ್ ಮುಚ್ಚಿಕೊಳ್ಳುತ್ತದೆ. ಬಾಯಲ್ಲಿ ಊದಿದರೆ ಉಗುಳು ಹಾರುತ್ತದೆ. ಡಬ್ಬಿಯ ಕಂಪ್ರೆಸ್ಡ್ ಏರ್ ಅಂತೂ ಬೇಡವೇ ಬೇಡ, ಅದರೊಳಗಿನ ದ್ರವ ಚಿಮ್ಮಿ ಗಾಜಿನ ಮೇಲೆ ಕೂತರೆ ಧೂಳೇ ವಾಸಿಯಿತ್ತು ಅನ್ನಿಸುತ್ತದೆ. ಬಹಳಷ್ಟು ಸಲ ಕೆಲಸ ಬ್ಲೋವರ್‌ನಲ್ಲೇ ಮುಗಿಯುತ್ತದೆ.

ಊದಿದರೂ ಕದಲದ್ದು ಒಂದೋ ತೇವಕ್ಕೆ ಅಂಟಿದ ಧೂಳು, ಇಲ್ಲಾ ಶಟರ್ ಕಡೆಯಿಂದ ಸಿಡಿದ ಎಣ್ಣೆ. ನಿಕಾನ್ ಡಿ600 2012ರಲ್ಲಿ ಬಂದಾಗ ಇಂಥ ಚುಕ್ಕಿಗಳ ದೂರು ಎಷ್ಟು ಜೋರಾಗಿತ್ತೆಂದರೆ, ಕೊನೆಗೆ ಕಂಪನಿಯೇ ಶಟರ್ ಬದಲಿಸಿಕೊಡಬೇಕಾಯಿತು. ಹೊಸ ಕ್ಯಾಮೆರಾದಲ್ಲಿ ಒರೆಸಿದಷ್ಟೂ ಚುಕ್ಕಿ ವಾಪಸ್ ಬರುತ್ತಿದ್ದರೆ ಒರೆಸುವುದು ನಿಲ್ಲಿಸಿ, ವಾರಂಟಿ ಇರುವಾಗಲೇ ಸರ್ವಿಸ್ ಸೆಂಟರ್‌ಗೆ ಕೊಡಿ.

ಒರೆಸಲೇಬೇಕಾದರೆ ಸೆನ್ಸರ್ ಅಗಲಕ್ಕೆ ಸರಿಯಾದ ಸ್ವಾಬ್ (ತುದಿಗೆ ಬಟ್ಟೆ ಸುತ್ತಿದ ಒರೆಸುವ ಕಡ್ಡಿ) ಬೇಕು: ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್‌ಗೆ 24 ಮಿ.ಮೀ., ಅದಕ್ಕಿಂತ ಚಿಕ್ಕ ಎಪಿಎಸ್-ಸಿಗೆ 16 ಮಿ.ಮೀ. ಮೊದಲು ಚೆನ್ನಾಗಿ ಊದಿ, ಇಲ್ಲದಿದ್ದರೆ ಇದ್ದ ಕಣವನ್ನೇ ಗಾಜಿನ ಮೇಲೆ ಎಳೆದಾಡುತ್ತೀರಿ. ಸೆನ್ಸರ್ ದ್ರವ ಎರಡು ಹನಿ ಸಾಕು, ಜಾಸ್ತಿಯಾದರೆ ಅಂಚಿನಲ್ಲಿ ಗೆರೆ ನಿಲ್ಲುತ್ತದೆ. ಈ ತುದಿಯಿಂದ ಆ ತುದಿಗೆ ಒಂದೇ ಎಳೆತ, ಸ್ವಾಬ್ ತಿರುಗಿಸಿ ಇನ್ನೊಂದು ಮುಖದಲ್ಲಿ ವಾಪಸ್, ಆಮೇಲೆ ಎಸೆಯಿರಿ. ದುಡ್ಡು ಉಳಿಸಲು ಅದನ್ನೇ ಮತ್ತೆ ಬಳಸುವವರಿದ್ದಾರೆ. ಸ್ಟೆಬಿಲೈಸೇಶನ್ (ಕೈ ಅಲುಗಾಟ ಸರಿದೂಗಿಸುವ ವ್ಯವಸ್ಥೆ) ಇರುವ ಸೆನ್ಸರ್ ಅಲ್ಲಾಡುತ್ತದೆ, ಒತ್ತಬೇಡಿ. ಕೈ ನಡುಗುವ ಹಾಗಿದ್ದರೆ ಬಿಟ್ಟುಬಿಡಿ. ಒಂದೆರಡು ಚುಕ್ಕಿಯನ್ನು ಎಡಿಟಿಂಗ್‌ನಲ್ಲಿ ಒಂದು ಫೋಟೊದಲ್ಲಿ ಅಳಿಸಿ ಉಳಿದವಕ್ಕೂ ಕಾಪಿ ಮಾಡಿದರೆ ಮುಗಿಯಿತು.

ಧೂಳು ಒಳಗೆ ಹೋಗುವ ದಾರಿಗಳಲ್ಲಿ ಲೆನ್ಸ್‌ನ ಹಿಂದಿನ ಮುಚ್ಚಳ, ಬಾಡಿಯ ಮುಚ್ಚಳ ದೊಡ್ಡವು. ಬ್ಯಾಗಿನ ತಳದಲ್ಲಿ ಉರುಳಾಡಿದ ಮುಚ್ಚಳವನ್ನು ಸೀದಾ ಹಾಕುತ್ತೇವೆ. ಕ್ಲೀನಿಂಗ್‌ಗೆ ದುಡ್ಡು ಕೊಡಲು ತಯಾರಿರುವವರು ಎರಡು ಮುಚ್ಚಳ ತೊಳೆದು ಒಣಗಿಸಲು ಮಾತ್ರ ತಯಾರಿರುವುದಿಲ್ಲ, ಯಾಕೋ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಇದ್ದರೆ ಇನ್ನೊಂದು ಸೌಲಭ್ಯ ನೋಡಿ: ಕೆಲವು ಕ್ಯಾಮೆರಾಗಳಲ್ಲಿ ಆಫ್ ಮಾಡಿದಾಗ ಶಟರ್ ಮುಚ್ಚಿಕೊಳ್ಳುತ್ತದೆ. ಕ್ಯಾನನ್ 2018ರ ಇಓಎಸ್ ಆರ್‌ನಲ್ಲೇ ಇದನ್ನು ಕೊಟ್ಟಿತು. ಇದ್ದರೆ ಬಳಸಿ, ಆದರೆ ಆ ಶಟರ್ ಪರದೆ ತುಂಬ ತೆಳು. ಅದಕ್ಕೆ ಬೆರಳೂ ತಾಗಿಸಬೇಡಿ, ಹತ್ತಿರದಿಂದ ಜೋರಾಗಿ ಊದಲೂ ಬೇಡಿ.