ಪದ ಪರಿಚಯ: ಬ್ಯಾಕ್‌ಪೋರ್ಟ್

ಪ್ರೋಗ್ರಾಮಿಂಗ್ ಭಾಷೆಯ ಹೊಸ ವರ್ಷನ್‌ನಲ್ಲಿ ಬಂದ ಸೌಲಭ್ಯವನ್ನು ಹಳೇ ವರ್ಷನ್‌ನಲ್ಲೂ ನಡೆಯುವಂತೆ ಬರೆದುಕೊಡುವುದಕ್ಕೆ ಬ್ಯಾಕ್‌ಪೋರ್ಟ್ ಅನ್ನುತ್ತಾರೆ. ಕಂಪ್ಯೂಟರ್‌ನಲ್ಲಿರುವ ಹಳೇ ಪೈಥಾನ್ ಅಥವಾ ಜಾವಾ ಹಾಗೇ ಇರುತ್ತದೆ, ಅದನ್ನು ಯಾರೂ ಮುಟ್ಟುವುದಿಲ್ಲ. ಹೊಸದರಲ್ಲಿ ಭಾಷೆಯ ಜೊತೆಗೇ ಬರುವ ಲೈಬ್ರರಿಯನ್ನು, ಅಂದರೆ ಸಿದ್ಧ ಕೋಡ್‌ನ ಕಟ್ಟನ್ನು, ಹಳೆಯದರ ಮೇಲೆ ಬೇರೆ ಪ್ಯಾಕೇಜ್ ಆಗಿ ಹಾಕಿಕೊಳ್ಳುತ್ತೀರಿ, ಅಷ್ಟೇ.

ಹೊಸ ವರ್ಷನ್ನೇ ಹಾಕಿಬಿಟ್ಟರೆ ಆಯ್ತಲ್ಲ, ಇಷ್ಟೆಲ್ಲ ಯಾಕೆ ಅಂತ ಕೇಳುವವರು ಜಾಸ್ತಿ. ಅವರು ಒಮ್ಮೆ ಮೆಕ್ಕೆಜೋಳದ ಸೀಸನ್‌ನಲ್ಲಿ ದಾವಣಗೆರೆ ಎಪಿಎಂಸಿ ಯಾರ್ಡಿಗೆ ಬರಬೇಕು. ಚೀಲದ ಸಾಲುಗಳ ಮಧ್ಯೆ ಒಂದು ದಲ್ಲಾಳಿ ಅಂಗಡಿ, ಅದರ ಮೂಲೆಯಲ್ಲಿ ಒಂದು ವಿಂಡೋಸ್ 7 ಕಂಪ್ಯೂಟರ್, ಅದಕ್ಕೆ ಸೀರಿಯಲ್ ಕೇಬಲ್‌ನಲ್ಲಿ ಕಟ್ಟಿದ ತೂಕದ ಯಂತ್ರ. ಆ ಯಂತ್ರದ ಡ್ರೈವರ್ ಹೊಸ ವಿಂಡೋಸ್‌ಗೆ ಸಿಗುವುದಿಲ್ಲ. ಯಂತ್ರ ಬದಲಿಸಬೇಕು ಅಂದರೆ ದೊಡ್ಡ ಖರ್ಚು, ಅದೂ ಸೀಸನ್ ಮಧ್ಯದಲ್ಲಿ ಆಗುವ ಮಾತೇ ಅಲ್ಲ. ರೈತ ತೂಕದ ಚೀಟಿಗಾಗಿ ಕಾಯುತ್ತಾ ನಿಂತಿರುತ್ತಾನೆ. ಅಂಥ ಕಡೆ ಪೈಥಾನ್‌ನಲ್ಲಿ ಬಿಲ್ಲಿಂಗ್ ಪ್ರೋಗ್ರಾಮ್ ಬರೆದುಕೊಡುವವರಿಗೆ 3.8ರಿಂದ ಮೇಲೆ ದಾರಿಯಿಲ್ಲ, ಯಾಕೆಂದರೆ 2020ರಲ್ಲಿ ಬಂದ ಪೈಥಾನ್ 3.9 ವಿಂಡೋಸ್ 7ರ ಮೇಲೆ ನಡೆಯುವುದೇ ಇಲ್ಲ. ಚಿತ್ರದುರ್ಗದಲ್ಲಿ, ಚಳ್ಳಕೆರೆಯ ಶೇಂಗಾ ವ್ಯಾಪಾರದ ಅಂಗಡಿಗಳಲ್ಲಿ ಇಂಥದ್ದೇ ಕಂಪ್ಯೂಟರ್ ಎದುರಾದರೂ ಲೆಕ್ಕ ಇದೇ.

ಈ ಬಿಲ್ಲಿಂಗ್ ಪ್ರೋಗ್ರಾಮನ್ನೇ ಇಟ್ಟುಕೊಂಡು ನೋಡೋಣ. ಅಂಗಡಿ ಹೆಸರು, ಹಮಾಲಿ ದರ, ತೂಕದ ದರ ಇವೆಲ್ಲ ಒಂದು ಸೆಟ್ಟಿಂಗ್ ಫೈಲ್‌ನಲ್ಲಿರಬೇಕು, ದರ ಬದಲಾದಾಗ ಅಂಗಡಿಯವರೇ ತಿದ್ದಿಕೊಳ್ಳುವಂತಿರಬೇಕು. ಅದಕ್ಕೆ ಟಾಮ್ಲ್ ಅನ್ನುವ ಫೈಲ್ ರೂಪ ಚೆನ್ನಾಗಿದೆ, ಓದಲು ಸುಲಭ. ಟಾಮ್ಲ್ ಫೈಲ್ ಓದುವ ಟಾಮ್ಲ್‌ಲಿಬ್ ಪೈಥಾನ್ ಒಳಗೇ ಬಂದಿದ್ದು 3.11ರಲ್ಲಿ, ಅಂದರೆ 2022ರ ಅಕ್ಟೋಬರ್‌ನಲ್ಲಿ. ನಮ್ಮ ಅಂಗಡಿಯಲ್ಲಿರುವುದು 3.8. ಆದರೆ ಟಾಮ್ಲಿ ಅನ್ನುವ ಪ್ಯಾಕೇಜ್ ಹಾಕಿಕೊಂಡರೆ ಅದೇ ಕೆಲಸ 3.8ರಲ್ಲೂ ಆಗುತ್ತದೆ, ಫಂಕ್ಷನ್‌ಗಳ ಹೆಸರೂ ಅವೇ. ಇದಕ್ಕೊಂದು ಚಂದದ ಹಿನ್ನೆಲೆ ಇದೆ: ಟಾಮ್ಲಿ ಮೊದಲು ಹೊರಗಿನ ಪ್ಯಾಕೇಜ್ ಆಗಿಯೇ ಹುಟ್ಟಿತು, ಅದು ಗಟ್ಟಿಯಾಗಿದೆ ಅನ್ನಿಸಿದ ಮೇಲೆ ಪೈಥಾನ್ ತಂಡ ಅದನ್ನೇ ಆಧಾರವಾಗಿಟ್ಟುಕೊಂಡು ಟಾಮ್ಲ್‌ಲಿಬ್ ಮಾಡಿತು. ಆಮೇಲೆ ಟಾಮ್ಲಿ ಹಳೇ ವರ್ಷನ್‌ಗಳ ಬ್ಯಾಕ್‌ಪೋರ್ಟ್ ಆಗಿ ಉಳಿಯಿತು.

ಕೋಡ್‌ನಲ್ಲಿ ಇದನ್ನು ಬರೆಯುವ ರೀತಿ ಮುಖ್ಯ. ಪ್ರೋಗ್ರಾಮ್ ಶುರುವಿನಲ್ಲೇ ಪೈಥಾನ್ ವರ್ಷನ್ ನೋಡಿ, 3.11 ಅಥವಾ ಅದಕ್ಕಿಂತ ಹೊಸದಾದರೆ ಟಾಮ್ಲ್‌ಲಿಬ್ ಇಂಪೋರ್ಟ್ ಮಾಡಿ, ಇಲ್ಲದಿದ್ದರೆ ಟಾಮ್ಲಿಯನ್ನು ಟಾಮ್ಲ್‌ಲಿಬ್ ಅನ್ನುವ ಹೆಸರಿನಲ್ಲೇ ಇಂಪೋರ್ಟ್ ಮಾಡಿ. ಉಳಿದ ಕೋಡ್‌ಗೆ ಯಾವುದು ಬಂದಿದೆ ಅಂತ ಗೊತ್ತಾಗುವ ಅಗತ್ಯವೇ ಇಲ್ಲ. ಕೆಲವರು ಟ್ರೈ, ಎಕ್ಸೆಪ್ಟ್ ಹಾಕಿ (ಒಂದನ್ನು ಪ್ರಯತ್ನಿಸಿ, ಎರರ್ ಬಂದರೆ ಇನ್ನೊಂದು) ಇದನ್ನೇ ಮಾಡುತ್ತಾರೆ, ಅದೂ ನಡೆಯುತ್ತದೆ. ಆದರೆ ನನಗೆ ವರ್ಷನ್ ನೋಡುವ ದಾರಿಯೇ ಇಷ್ಟ. ಯಾವ ಸಾಲು ಯಾಕಿದೆ, ಅದನ್ನು ಯಾವಾಗ ತೆಗೆಯಬಹುದು ಅಂತ ಓದಿದ ಕೂಡಲೇ ತಿಳಿಯುತ್ತದೆ, ಟೈಪ್ ಚೆಕ್ ಮಾಡುವ ಮೈಪೈ ತರದ ಟೂಲ್‌ಗಳಿಗೂ ಅದು ಅರ್ಥವಾಗುತ್ತದೆ. ಒಂದು ಎಚ್ಚರಿಕೆ: ವರ್ಷನ್ನನ್ನು ಅಕ್ಷರಗಳಾಗಿ ಹೋಲಿಸಬೇಡಿ. ಸ್ಟ್ರಿಂಗ್ ಲೆಕ್ಕದಲ್ಲಿ 3.10 ಅನ್ನುವುದು 3.9ಕ್ಕಿಂತ ಚಿಕ್ಕದಾಗಿಬಿಡುತ್ತದೆ. ಪೈಥಾನ್ ಕೊಡುವ ವರ್ಷನ್ ಇನ್ಫೋ ಅನ್ನುವ ಟ್ಯೂಪಲ್ ಇದೆ, ಅದರಲ್ಲಿ ವರ್ಷನ್ ಅಂಕಿಗಳಾಗಿಯೇ ಇರುತ್ತದೆ, ಅದನ್ನೇ ಬಳಸಿ.

ಇನ್‌ಸ್ಟಾಲ್ ಪಟ್ಟಿಯಲ್ಲೂ ಹೀಗೇ. ಟಾಮ್ಲಿ ಅಂತ ಬರೆದು, ಸೆಮಿಕೋಲನ್ ಹಾಕಿ, ಪೈಥಾನ್ 3.11ಕ್ಕಿಂತ ಹಳೆಯದಾದರೆ ಮಾತ್ರ ಅನ್ನುವ ಷರತ್ತು ಸೇರಿಸಬಹುದು. ಆಗ ಹೊಸ ಪೈಥಾನ್ ಇರುವ ಕಂಪ್ಯೂಟರ್‌ಗೆ ಪ್ಯಾಕೇಜ್ ಹಾಕಿಕೊಡುವ ಪಿಪ್ ಅದನ್ನು ತರುವುದೇ ಇಲ್ಲ. ಈ ಷರತ್ತನ್ನು ಬಿಡುವವರು ಬಹಳ ಜನ. ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಈನಮ್34 ಒಳ್ಳೇ ಉದಾಹರಣೆ. ನಿಗದಿತ ಬೆಲೆಗಳಿಗೆ ಹೆಸರು ಕೊಟ್ಟು ಪಟ್ಟಿ ಮಾಡುವ ಈನಮ್ ಅನ್ನುವ ಲೈಬ್ರರಿ ಪೈಥಾನ್ 3.4ರಲ್ಲಿ ಬಂತು, ಹಳೆಯದಕ್ಕೆ ಈನಮ್34 ಅನ್ನುವ ಬ್ಯಾಕ್‌ಪೋರ್ಟ್ ಬಂತು. ಅದು ಕಂಪ್ಯೂಟರ್‌ನಲ್ಲಿ ಕೂರುತ್ತಿದ್ದುದು ಈನಮ್ ಅನ್ನುವ ಅದೇ ಹೆಸರಿನಲ್ಲಿ. ಆಮೇಲೆ ಪೈಥಾನ್ 3.6ರಲ್ಲಿ ಅಸಲಿ ಈನಮ್‌ಗೆ ಇಂಟ್‌ಫ್ಲ್ಯಾಗ್ ಅನ್ನುವ ಹೊಸ ಭಾಗ ಸೇರಿತು, ಪಠ್ಯದಲ್ಲಿ ಮಾದರಿ ಹುಡುಕುವ ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ ಲೈಬ್ರರಿಯೇ ಅದನ್ನು ಬಳಸಲು ಶುರು ಮಾಡಿತು. ಈನಮ್34ರಲ್ಲಿ ಅದು ಇರಲಿಲ್ಲ. ಷರತ್ತಿಲ್ಲದೆ ಹೊಸ ಪೈಥಾನ್‌ಗೂ ಹೊಕ್ಕ ಈನಮ್34, ಹುಡುಕುವ ದಾರಿಯಲ್ಲಿ ಅಸಲಿಗಿಂತ ಮುಂದೆ ಸಿಕ್ಕಿದಾಗಲೆಲ್ಲ, ಈನಮ್‌ನಲ್ಲಿ ಇಂಟ್‌ಫ್ಲ್ಯಾಗ್ ಇಲ್ಲ ಅನ್ನುವ ಎರರ್ ಕೊಟ್ಟು ಪಿಪ್ ಕೂಡ ನಿಂತುಬಿಡುತ್ತಿತ್ತು. ಹಾಗಾಗಿ ಬ್ಯಾಕ್‌ಪೋರ್ಟ್ ಮಾಡುವವರು ಬೇರೆ ಹೆಸರು ಇಡುವುದು ಒಳ್ಳೆಯದು. ಫೈಲ್ ದಾರಿ ನೋಡಿಕೊಳ್ಳುವ ಪಾತ್‌ಲಿಬ್‌ಗೆ ಪಾತ್‌ಲಿಬ್2, ಟೈಮ್‌ಝೋನ್ ನೋಡಿಕೊಳ್ಳುವ ಝೋನ್‌ಇನ್ಫೋಗೆ ಬ್ಯಾಕ್‌ಪೋರ್ಟ್ಸ್ ಅನ್ನುವ ಮುಂಭಾಗ ಸೇರಿಸಿದ ಹೆಸರು, ಹೀಗೆ.

ಈಗ ಇದರ ಮಿತಿಗೆ ಬರೋಣ, ನಿಜವಾದ ತಿಳಿವಳಿಕೆ ಇರುವುದೇ ಇಲ್ಲಿ. ಲೈಬ್ರರಿಯನ್ನು ಹಿಂದಕ್ಕೆ ತರಬಹುದು, ವ್ಯಾಕರಣವನ್ನು ತರಲು ಆಗುವುದಿಲ್ಲ. ಪೈಥಾನ್ 3.10ರಲ್ಲಿ ಬಂದ ಮ್ಯಾಚ್, ಕೇಸ್ ಅನ್ನುವ ಹೊಸ ವಾಕ್ಯರೂಪವನ್ನು 3.8 ಓದಲು ಹೋದರೆ ಆ ಸಾಲಲ್ಲೇ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಪ್ಯಾಕೇಜ್ ಲೋಡ್ ಆಗುವ ಮಾತು ಆಮೇಲಿನದು, ಫೈಲನ್ನೇ ಅದು ಓದಲಾರದು. ಮಾಹಿತಿ ಇಟ್ಟುಕೊಳ್ಳುವ ಕ್ಲಾಸನ್ನು ಚಿಕ್ಕದಾಗಿ ಬರೆಯಲು ನೆರವಾಗುವ ಡೇಟಾಕ್ಲಾಸ್ ಕಥೆಯಲ್ಲಿ ಈ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಅದು 2018ರಲ್ಲಿ ಪೈಥಾನ್ 3.7ರ ಜೊತೆ ಬಂತು. ಅದರ ಬ್ಯಾಕ್‌ಪೋರ್ಟ್ 3.6ಕ್ಕೆ ಮಾತ್ರ ಇದೆ, 3.5ಕ್ಕೆ ಇಲ್ಲ. ಡೇಟಾಕ್ಲಾಸ್ ನಿಂತಿರುವುದು ವೇರಿಯಬಲ್ ಹೆಸರಿನ ಮುಂದೆ ಕೋಲನ್ ಹಾಕಿ ಟೈಪ್ ಬರೆಯುವ ವ್ಯಾಕರಣದ ಮೇಲೆ, ಆ ವ್ಯಾಕರಣ ಶುರುವಾಗಿದ್ದೇ 3.6ರಲ್ಲಿ.

ಲೈಬ್ರರಿಯಲ್ಲೂ ಎಲ್ಲವೂ ಬರುವುದಿಲ್ಲ. ತೂಕದ ಯಂತ್ರ ಕಳಿಸುವ ಸಾಲಿನ ಶುರುವಿನಲ್ಲಿ ಸಾಮಾನ್ಯವಾಗಿ ಒಂದೆರಡು ಗುರುತಿನ ಅಕ್ಷರಗಳಿರುತ್ತವೆ, ಆಮೇಲೆ ತೂಕ. ಆ ಗುರುತನ್ನು ತೆಗೆಯಲು ರಿಮೂವ್‌ಪ್ರಿಫಿಕ್ಸ್ ಅನ್ನುವ ಮೆಥಡ್ ಸರಿಯಾಗಿದೆ, ಆದರೆ ಅದು ಬಂದಿದ್ದು 3.9ರಲ್ಲಿ. ಪೈಥಾನ್‌ನಲ್ಲಿ ಸ್ಟ್ರಿಂಗ್ ಒಳಗಿನ ಟೈಪ್, ಅದಕ್ಕೆ ಹೊರಗಿನಿಂದ ಹೊಸ ಮೆಥಡ್ ಅಂಟಿಸಲು ಬಿಡುವುದಿಲ್ಲ. ಆದ್ದರಿಂದ 3.8ರಲ್ಲಿ ನಾವೇ ಒಂದು ಪುಟ್ಟ ಫಂಕ್ಷನ್ ಬರೆದುಕೊಳ್ಳಬೇಕು: ಸಾಲು ಆ ಗುರುತಿನಿಂದ ಶುರುವಾಗಿದ್ದರೆ ಅಷ್ಟು ಅಕ್ಷರ ಬಿಟ್ಟು ಉಳಿದದ್ದು ಕೊಡು. ಸುಮ್ನೆ ಎಲ್‌ಸ್ಟ್ರಿಪ್ ಬಳಸಿಬಿಡೋಣ ಅನ್ನಬೇಡಿ. ಅದು ಪದವನ್ನು ತೆಗೆಯುವುದಿಲ್ಲ, ಕೊಟ್ಟ ಅಕ್ಷರಗಳಲ್ಲಿ ಯಾವುದು ಮುಂದೆ ಸಿಕ್ಕರೂ ತಿನ್ನುತ್ತಾ ಹೋಗುತ್ತದೆ. ಗುರುತಿನಲ್ಲಿ ಸೊನ್ನೆಯೋ ಐದೋ ಇದ್ದರೆ ತೂಕದ ಅಂಕಿಯೇ ಹೋದೀತು, ಅದು ರೈತನ ದುಡ್ಡು. ಎಲ್‌ಸ್ಟ್ರಿಪ್‌ನಿಂದ ಜನ ಹೀಗೆ ಗೊಂದಲಕ್ಕೆ ಬೀಳುತ್ತಿದ್ದಾರೆ ಅನ್ನುವ ಕಾರಣಕ್ಕೇ ಹೊಸ ಮೆಥಡ್ ತಂದಿದ್ದು.

ರೂಬಿ, ಜಾವಾಸ್ಕ್ರಿಪ್ಟ್ ಇಂಥದ್ದಕ್ಕೆ ಒಪ್ಪುತ್ತವೆ, ಒಳಗಿನ ಟೈಪ್‌ಗಳಿಗೇ ಹೊಸ ಮೆಥಡ್ ಸೇರಿಸಬಹುದು. ಜಾವಾಸ್ಕ್ರಿಪ್ಟ್ ಜನ ಇದನ್ನು ಪಾಲಿಫಿಲ್ ಅನ್ನುತ್ತಾರೆ, ಹಳೇ ಬ್ರೌಸರ್‌ಗಳಿಗಾಗಿ ಕೋರ್‌ಜೆಎಸ್ ಅನ್ನುವ ಲೈಬ್ರರಿ ತುಂಬಾ ಬಳಕೆಯಲ್ಲಿದೆ. ಹೊಸ ವ್ಯಾಕರಣವನ್ನು ಹಳೇ ವ್ಯಾಕರಣಕ್ಕೆ ತಿರುಗಿಸಿಕೊಡಲು ಬೇಬಲ್ ಇದೆ. ಪಿಎಚ್‌ಪಿಯಲ್ಲೂ 8.0ರಲ್ಲಿ ಬಂದ ಕೆಲವು ಫಂಕ್ಷನ್‌ಗಳನ್ನು ಸಿಂಫನಿ ಅನ್ನುವ ಪಿಎಚ್‌ಪಿ ಫ್ರೇಮ್‌ವರ್ಕ್ ತಂಡದ ಪಾಲಿಫಿಲ್, ಪಿಎಚ್‌ಪಿ 7ರಲ್ಲಿ ಕೊಡುತ್ತದೆ, ಅಸಲಿ ಇಲ್ಲದಿದ್ದರೆ ಮಾತ್ರ.

ಜಾವಾದಲ್ಲಿ ವಿಷಯ ಇನ್ನೂ ಸ್ವಾರಸ್ಯ. ದಿನಾಂಕ, ಸಮಯ ನೋಡಿಕೊಳ್ಳುವ ಹೊಸ ಲೈಬ್ರರಿ 2014ರಲ್ಲಿ ಜಾವಾ 8ರ ಜೊತೆ ಬಂತು. ಜಾವಾ 6, 7ರಲ್ಲಿ ಇದ್ದವರಿಗೆ ಥ್ರೀಟೆನ್ ಬ್ಯಾಕ್‌ಪೋರ್ಟ್ ಬಂತು, ಆದರೆ ಪ್ಯಾಕೇಜ್ ಹೆಸರು ಬೇರೆ ಇಡಲೇಬೇಕಾಯಿತು. ಜಾವಾ ಅನ್ನುವ ಹೆಸರಿನಿಂದ ಶುರುವಾಗುವ ಪ್ಯಾಕೇಜ್‌ಗಳನ್ನು ಹೊರಗಿನವರು ಸೇರಿಸಲು ಜಾವಾ ಬಿಡುವುದಿಲ್ಲ. ಹಾಗಾಗಿ ಜಾವಾ 8ಕ್ಕೆ ಹೋದ ದಿನ ಎಲ್ಲ ಫೈಲ್‌ಗಳ ಇಂಪೋರ್ಟ್ ಸಾಲುಗಳನ್ನು ಬದಲಿಸಬೇಕು. ಆಂಡ್ರಾಯ್ಡ್‌ನಲ್ಲಿ ಇದೇ ಲೈಬ್ರರಿ ಫೋನಿನೊಳಗೆ ಬಂದಿದ್ದು ಆಂಡ್ರಾಯ್ಡ್ 8ರಿಂದ. ಅದಕ್ಕಿಂತ ಹಳೇ ಫೋನ್‌ಗಳಿಗೆ 2020ರಿಂದ ಆಂಡ್ರಾಯ್ಡ್ ಬಿಲ್ಡ್ ಟೂಲೇ ಡೀಶುಗರಿಂಗ್ ಅಂತ ಒಂದು ವ್ಯವಸ್ಥೆ ಕೊಡುತ್ತದೆ. ನೀವು ಅಸಲಿ ಹೆಸರಿನಲ್ಲೇ ಬರೆಯಿರಿ, ಆ್ಯಪ್ ಕಟ್ಟುವಾಗ ಅದು ಒಳಗೇ ಬೇರೆ ಹೆಸರಿಗೆ ತಿರುಗಿಸಿ ಬೇಕಾದ ಕೋಡನ್ನು ಆ್ಯಪ್ ಜೊತೆ ಸೇರಿಸುತ್ತದೆ. ನಿಮ್ಮ ಕೋಡ್‌ನ ಒಂದು ಅಕ್ಷರವೂ ಬದಲಾಗುವುದಿಲ್ಲ. ನಾನು ನೋಡಿದ್ದರಲ್ಲಿ ಇದು ಅತ್ಯಂತ ಅಚ್ಚುಕಟ್ಟಾದ ಬ್ಯಾಕ್‌ಪೋರ್ಟ್. ಹಳೇ ಫೋನ್ ಹಿಡಿದವರೂ ಬಳಸುವ ಆ್ಯಪ್ ಬರೆಯುತ್ತಿದ್ದರೆ, ನಮ್ಮ ಜಿಲ್ಲೆಗಳಲ್ಲಿ ಬರೆಯುವುದೆಲ್ಲ ಅಂಥವೇ ಅಲ್ವಾ, ಇದನ್ನು ಆನ್ ಮಾಡಿಯೇ ಶುರು ಮಾಡಿ.

ಇದೇ ಪದವನ್ನು ಲಿನಕ್ಸ್ ಲೋಕದಲ್ಲಿ ಇನ್ನೊಂದು ಅರ್ಥದಲ್ಲೂ ಕೇಳುತ್ತೀರಿ. ಅಲ್ಲಿ ಹಿಂದಕ್ಕೆ ಬರುವುದು ಹೊಸ ಸೌಲಭ್ಯ ಅಲ್ಲ, ದೋಷದ ರಿಪೇರಿ. 2014ರಲ್ಲಿ, ನೆಟ್‌ನಲ್ಲಿ ಮಾಹಿತಿಯನ್ನು ಗುಪ್ತವಾಗಿ ಕಳಿಸಲು ಬಳಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ಅನ್ನುವ ದೊಡ್ಡ ದೋಷ ಸಿಕ್ಕಿತು, ಅದನ್ನು ಸರಿ ಮಾಡಿದ ವರ್ಷನ್ 1.0.1ಜಿ. ಲಿನಕ್ಸ್ ಹಂಚುವ ಡೆಬಿಯನ್, ರೆಡ್ ಹ್ಯಾಟ್ ತಮ್ಮ ಬಳಿ ಇದ್ದ 1.0.1ಇ ಬಿಟ್ಟು ಮೇಲೆ ಹೋಗಲಿಲ್ಲ. ರಿಪೇರಿಯ ಸಾಲುಗಳನ್ನು ಮಾತ್ರ ಅದಕ್ಕೆ ಸೇರಿಸಿ, ಹೆಸರಿನ ಕೊನೆಗೆ ತಮ್ಮ ಅಂಕಿ ಹಾಕಿ ಕೊಟ್ಟರು. ಆದ್ದರಿಂದ ಸರ್ವರ್‌ನಲ್ಲಿ ಹಳೇ ನಂಬರ್ ಕಂಡ ಕೂಡಲೇ ಅಪಾಯ ಅಂತ ಕೂಗಬಾರದು, ಪೂರ್ತಿ ಪ್ಯಾಕೇಜ್ ನಂಬರ್ ನೋಡಬೇಕು.

ಲೈಬ್ರರಿ ಬ್ಯಾಕ್‌ಪೋರ್ಟ್ ಈ ದೋಷ ರಿಪೇರಿಯ ಕೆಲಸ ಮಾಡುವುದಿಲ್ಲ ಅನ್ನುವುದನ್ನು ಗಟ್ಟಿಯಾಗಿ ಹೇಳಬೇಕು. ಟಾಮ್ಲಿ ಹಾಕಿದ ಮಾತ್ರಕ್ಕೆ ಪೈಥಾನ್ 3.8 ಸುರಕ್ಷಿತ ಆಗುವುದಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ಮುಗಿಯಿತು, ಪೈಥಾನ್ 3.8ರ ಬೆಂಬಲ 2024ರ ಅಕ್ಟೋಬರ್‌ನಲ್ಲಿ ಮುಗಿಯಿತು. ಹೊಸ ಪೈಥಾನ್‌ನ ವೇಗವೂ ಹಿಂದಕ್ಕೆ ಬರುವುದಿಲ್ಲ, ಅದು ಪ್ರೋಗ್ರಾಮ್ ನಡೆಸುವ ರನ್‌ಟೈಮ್‌ನ ಹೊಟ್ಟೆಯೊಳಗಿನ ಬದಲಾವಣೆ. ತೂಕದ ಕಂಪ್ಯೂಟರ್ ತೂಕ, ಚೀಟಿ ಕೆಲಸವನ್ನಷ್ಟೇ ಮಾಡಲಿ, ಅದಕ್ಕೆ ಇಂಟರ್ನೆಟ್ ಕೊಡಬೇಡಿ. ಬ್ಯಾಂಕ್ ಕೆಲಸ, ಇಮೇಲ್ ಬೇರೆ ಕಂಪ್ಯೂಟರ್‌ನಲ್ಲಿ ನಡೆಯಲಿ.

ಬ್ಯಾಕ್‌ಪೋರ್ಟ್ ಕೂಡ ಬೇರೆಯವರು ಬರೆದ ಕೋಡ್ ಅನ್ನುವುದು ನೆನಪಿರಲಿ. ಪಾಲಿಫಿಲ್‌ಗಳನ್ನು ನೇರವಾಗಿ ವೆಬ್‌ಸೈಟ್‌ಗಳಿಗೆ ಹಂಚುತ್ತಿದ್ದ ಪಾಲಿಫಿಲ್ ಡಾಟ್ ಐಓ ಅನ್ನುವ ಡೊಮೇನ್ 2024ರಲ್ಲಿ ಕೈ ಬದಲಾಯಿಸಿತು. ಜೂನ್ ಹೊತ್ತಿಗೆ ಅದರಿಂದ ಕೆಟ್ಟ ಕೋಡ್ ಹರಿಯುತ್ತಿರುವುದು ಬಯಲಾಯಿತು, ಅದನ್ನು ಬಳಸುತ್ತಿದ್ದ ಸೈಟ್‌ಗಳು ಒಂದು ಲಕ್ಷಕ್ಕೂ ಜಾಸ್ತಿ. ಬೇಕಾದ ಪ್ಯಾಕೇಜನ್ನು ಇಳಿಸಿಕೊಂಡು, ವರ್ಷನ್ ನಂಬರ್ ಗಟ್ಟಿ ಮಾಡಿ, ನಿಮ್ಮ ಪ್ರೋಗ್ರಾಮ್ ಜೊತೆಗೇ ಇಟ್ಟುಕೊಳ್ಳಿ. ಇಂಟರ್ನೆಟ್ ಇಲ್ಲದ ಅಂಗಡಿಗೆ ಪೆನ್‌ಡ್ರೈವ್‌ನಲ್ಲಿ ಒಯ್ಯಲೂ ಇದೇ ಅನುಕೂಲ.

ಕೊನೆಗೆ, ತೆಗೆಯುವ ವಿಚಾರ. ಅಂಗಡಿಯವರು ತೂಕದ ಯಂತ್ರ ಬದಲಿಸಿ ಹೊಸ ಕಂಪ್ಯೂಟರ್ ತಂದರು ಅನ್ನಿ. ಅದರಲ್ಲಿ 3.11 ಅಥವಾ ಅದಕ್ಕಿಂತ ಹೊಸ ಪೈಥಾನ್ ಹಾಕಿ, ಪ್ರೋಗ್ರಾಮ್‌ನ ಕನಿಷ್ಠ ವರ್ಷನ್ ಏರಿಸಿ, ಪಟ್ಟಿಯಿಂದ ಟಾಮ್ಲಿ ಸಾಲು ಅಳಿಸಿ, ಷರತ್ತಿನ ಜಾಗದಲ್ಲಿ ಟಾಮ್ಲ್‌ಲಿಬ್ ಇಂಪೋರ್ಟ್ ಒಂದನ್ನೇ ಉಳಿಸಿ. ನಾವು ಬರೆದುಕೊಂಡ ರಿಮೂವ್‌ಪ್ರಿಫಿಕ್ಸ್ ಫಂಕ್ಷನ್ ಕೂಡ ಆಗಲೇ ಹೋಗಲಿ. ಅದನ್ನು ಕರೆಯುತ್ತಿದ್ದ ಕಡೆಯೆಲ್ಲ ಅಸಲಿ ಮೆಥಡ್ ಬರೆದು, ಹಳೇ ತೂಕದ ಸಾಲುಗಳನ್ನೇ ಕೊಟ್ಟು ಎರಡರ ಉತ್ತರವೂ ಒಂದೇ ಬರುತ್ತದಾ ಅಂತ ನೋಡಿಕೊಂಡು, ಆಮೇಲೆ ಅಳಿಸಿ.