ಸೋಲಾರ್ ಉತ್ಪಾದನೆ ಲೆಕ್ಕ ಹಾಕೋ ಸಾಫ್ಟ್‌ವೇರ್ ಸ್ಯಾಮ್‌ಗೆ ನಮ್ದೇ ವೆದರ್ ಫೈಲ್ ಕೊಟ್ರೆ ಬೆಳಗ್ಗೆ ಜಾಸ್ತಿ, ಸಂಜೆ ಕಮ್ಮಿ ತೋರ್ಸುತ್ತೆ, ಯಾಕೆ?

ಪ್ರಶ್ನೆ: ನಮ್ಮ ಸೈಟಲ್ಲಿ ಒಂದು ವರ್ಷ ಅಳೆದ ಡೇಟಾ ಇದೆ, ಜಿಎಚ್‌ಐ (ಸಮತಟ್ಟಾದ ನೆಲಕ್ಕೆ ಬೀಳೋ ಒಟ್ಟು ಬಿಸಿಲು), ಡಿಎಚ್‌ಐ (ಅದರಲ್ಲಿ ಆಕಾಶದಲ್ಲಿ ಚದುರಿ ಬರೋ ಭಾಗ) ಎರಡೂ ಇದೆ. ಸಿಎಸ್‌ವಿ ಮಾಡಿ ಸ್ಯಾಮ್‌ಗೆ ಕೊಟ್ಟೆ, ಒಂದೆರಡು ವಾರ್ನಿಂಗ್ ಬಿಟ್ರೆ ರನ್ ಆಯ್ತು. ಆದ್ರೆ ಉತ್ಪಾದನೆ ಬೆಳಗ್ಗೆ ಎದ್ದು ಕೂತಿದೆ, ಸಂಜೆ ಬಿದ್ದೋಗಿದೆ. ಪ್ಯಾನೆಲ್ ದಿಕ್ಕು, ಓರೆ ಎಲ್ಲ ಚೆಕ್ ಮಾಡಿದೆ, ಸರಿ ಇದೆ. ತಪ್ಪೆಲ್ಲಿ?

ಉತ್ತರ: ಹತ್ರತ್ರ ಖಚಿತವಾಗಿ ಟೈಮ್ ಕಾಲಂನಲ್ಲಿ. ಬಿಸಿಲಿನ ನಂಬರ್ ಸರಿ ಇರುತ್ತೆ, ಅದರ ಪಕ್ಕ ಬರೆದಿರೋ ಗಂಟೆ ತಪ್ಪಿರುತ್ತೆ. ಸೂರ್ಯ ಎಲ್ಲಿದ್ದಾನೆ ಅಂತ ಸಾಫ್ಟ್‌ವೇರ್ ನಿಮ್ಮ ಡೇಟಾ ನೋಡಿ ತಿಳ್ಕೊಳಲ್ಲ, ಅಕ್ಷಾಂಶ, ರೇಖಾಂಶ, ಟೈಮ್ ಝೋನ್, ಗಂಟೆ ಇಷ್ಟು ಹಿಡ್ಕೊಂಡು ತಾನೇ ಲೆಕ್ಕ ಹಾಕುತ್ತೆ, ಆಮೇಲೆ ಆ ಸೂರ್ಯನಿಗೆ ನಿಮ್ಮ ಬಿಸಿಲನ್ನ ಹೊಂದಿಸುತ್ತೆ.

ಒಂದು ಗಂಟೆ ಆಚೀಚೆ ಆದ್ರೆ ಏನ್ ಮಹಾ ಅನ್ಸುತ್ತೆ ಅಲ್ವಾ, ಒಂದೇ ಒಂದು ಸಾಲು ನೋಡಿ. ಬೆಳಗ್ಗೆ ಚದರ ಮೀಟರ್‌ಗೆ ಜಿಎಚ್‌ಐ 120, ಡಿಎಚ್‌ಐ 60 ವ್ಯಾಟ್ ಇದೆ ಅನ್ಕೊಳಿ. ನೇರ ಬಿಸಿಲು, ಅಂದ್ರೆ ಡಿಎನ್‌ಐ, ಬೇಕಂದ್ರೆ ಮೊದಲನೇದ್ರಲ್ಲಿ ಎರಡನೇದನ್ನ ಕಳೆದು ನೆತ್ತಿಯಿಂದ ಸೂರ್ಯ ಇರೋ ಕೋನದ ಕೊಸೈನ್‌ನಿಂದ ಭಾಗಿಸ್ಬೇಕು. ಆ ಹೊತ್ತಲ್ಲಿ ಸೂರ್ಯ ನಿಜವಾಗಿ ನೆತ್ತಿಯಿಂದ 75 ಡಿಗ್ರಿಯಲ್ಲಿದ್ರೆ ಉತ್ತರ ಸುಮಾರು 230 ವ್ಯಾಟ್, ನಂಬೋ ಹಾಗಿದೆ. ಆದ್ರೆ ಫೈಲಲ್ಲಿ ಗಂಟೆ ಒಂದು ಹಿಂದಿದೆ, ಸಾಫ್ಟ್‌ವೇರ್ ಪ್ರಕಾರ ಸೂರ್ಯ ಈಗಷ್ಟೇ ಹುಟ್ಟಿ 88 ಡಿಗ್ರಿಯಲ್ಲಿದ್ದಾನೆ, ಉತ್ತರ 1,700 ದಾಟುತ್ತೆ! ವಾತಾವರಣದ ಹೊರಗೇ ಸಿಗೋದು ಸುಮಾರು 1,361 ವ್ಯಾಟ್. ಇಂಥದ್ದನ್ನೇ ಹೇಳೋ ಆ ವಾರ್ನಿಂಗ್‌ಗಳನ್ನ ಓದದೇ ಕ್ಲೋಸ್ ಮಾಡಿರ್ತೀರ, ನಾನೂ ಮಾಡ್ತಿದ್ದೆ.

ಈಗ ಪತ್ತೆ ಹಚ್ಚೋದು. ಮೋಡ ಇಲ್ದಿರೋ ಒಂದು ದಿನ ಹುಡುಕಿ, ಜಿಎಚ್‌ಐ ಗ್ರಾಫ್ ಎಳೀರಿ, ಗುಡ್ಡದ ತುದಿ ಎಷ್ಟೊತ್ತಿಗೆ ಬರುತ್ತೆ ನೋಡಿ. ಗಡಿಯಾರದ 12ಕ್ಕೇ ಬರ್ಬೇಕು ಅಂತಿಲ್ಲ. ಝೋನ್‌ನ ಮಧ್ಯರೇಖೆಯಿಂದ ಪಶ್ಚಿಮಕ್ಕೆ ಒಂದೊಂದು ಡಿಗ್ರಿಗೂ 4 ನಿಮಿಷ ತಡ. ಉದಾಹರಣೆಗೆ ಯುಟಿಸಿ+1 (ಗ್ರೀನಿಚ್ ಸಮಯಕ್ಕಿಂತ ಒಂದು ಗಂಟೆ ಮುಂದೆ) ಝೋನ್‌ನ ಮಧ್ಯರೇಖೆ 15 ಡಿಗ್ರಿ ಪೂರ್ವ, ಸೈಟ್ 10 ಡಿಗ್ರಿ ಪೂರ್ವದಲ್ಲಿದ್ರೆ ತುದಿ 12:20ರ ಸುಮಾರಿಗೆ ಬರ್ಬೇಕು, ತಿಂಗಳ ಮೇಲೆ ಕಾಲು ಗಂಟೆ ಹೆಚ್ಚುಕಮ್ಮಿ. 11:20ಕ್ಕೆ ಬಂತಾ? ನಿಮ್ಮ ಡೇಟಾ ಯುಟಿಸಿಯಲ್ಲಿದೆ, ಹೆಡರ್‌ನಲ್ಲಿ ಮಾತ್ರ ಲೋಕಲ್ ಝೋನ್ ಹಾಕಿದ್ದೀರ. ಬಿಸಿಲಿನ ಡೇಟಾ ಕೊಡೋ ಪಿವಿಜಿಐಎಸ್ ಸೈಟ್‌ನಿಂದ ಇಳಿಸೋ ಟಿಎಂವೈ (ಮಾದರಿ ವರ್ಷದ ಹವಾಮಾನ) ಸಿಎಸ್‌ವಿಯೂ ಯುಟಿಸಿಯಲ್ಲೇ ಬರುತ್ತೆ, ಅದನ್ನ ಕಾಪಿ ಪೇಸ್ಟ್ ಮಾಡೋವ್ರಿಗೂ ಇದೇ ಗತಿ. ಬೇಸಿಗೆಯಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸೋ ದೇಶ ಆದ್ರೆ ಅದನ್ನೂ ತೆಗೆದು ಇಡೀ ವರ್ಷ ಒಂದೇ ಸ್ಟ್ಯಾಂಡರ್ಡ್ ಟೈಮಲ್ಲಿಡಿ.

ಅರ್ಧ ಗಂಟೆ ತಪ್ಪು ಇನ್ನೂ ಕಳ್ಳ, ಗ್ರಾಫಲ್ಲಿ ಕಣ್ಣಿಗೇ ಬೀಳಲ್ಲ. ಸಾಲಲ್ಲಿ 10 ಗಂಟೆ ಅಂತಿದ್ರೆ ಅದು 9ರಿಂದ 10ರ ಸರಾಸರಿನಾ, 10ರಿಂದ 11ರದ್ದಾ? ಇಪಿಡಬ್ಲ್ಯೂ ಅನ್ನೋ ಇನ್ನೊಂದು ಥರದ ವೆದರ್ ಫೈಲಲ್ಲಿ ಗಂಟೆ 1ರಿಂದ 24, ಆ ಗಂಟೆಗೆ ಮುಗಿಯೋ ಅವಧಿಯ ಲೆಕ್ಕ. ಸ್ಯಾಮ್ ಸಿಎಸ್‌ವಿಯಲ್ಲಿ 0ಯಿಂದ 23. ನಿಮ್ಮದು ಗಂಟೆಯ ಸರಾಸರಿ ಆಗಿದ್ರೆ ಗಂಟೆ ಕಾಲಂನಲ್ಲಿ ಅವಧಿ ಶುರುವಾಗೋ ಗಂಟೆ ಹಾಕಿ, ಮಿನಿಟ್ ಕಾಲಂನಲ್ಲಿ 30 ಹಾಕಿ, ಆಗ ಸೂರ್ಯನ ಜಾಗ ಅವಧಿಯ ನಡುವಿಂದು ಸಿಗುತ್ತೆ. 0 ಹಾಕಿದ್ರೆ ಗಂಟೆ ಹೊಡೆಯೋ ಕ್ಷಣದ್ದು. ಅಳೆದಿದ್ದನ್ನ ದಾಖಲಿಸೋ ಲಾಗರ್ ಯಾವ ರೀತಿ ಬರೆಯುತ್ತೆ ಅಂತ ಅದನ್ನ ಸೆಟಪ್ ಮಾಡಿದವ್ರನ್ನೇ ಕೇಳಿ, ಊಹೆ ಮಾಡ್ಬೇಡಿ.

ಉಳಿದಿದ್ದೆಲ್ಲ ಸಣ್ಣಪುಟ್ಟದು. ಗಂಟೆಗೊಂದು ಸಾಲಾದ್ರೆ 8,760 ಇರ್ಬೇಕು, 8,784 ಇದ್ರೆ ಫೆಬ್ರವರಿ 29 ಉಳ್ಕೊಂಡಿದೆ, ಡಿಲೀಟ್ ಮಾಡಿ. ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕಿ. ಬಿಸಿಲು ಕಿಲೋಜೂಲ್‌ನಲ್ಲಿದ್ರೆ ಗಂಟೆಯ ಲೆಕ್ಕವನ್ನ 3.6ರಿಂದ ಭಾಗಿಸಿ. ರಾತ್ರಿ ಬಿಸಿಲು ಅಳೆಯೋ ಪೈರನೋಮೀಟರ್ ಮೈನಸ್ 2, ಮೈನಸ್ 3 ತೋರ್ಸಿದ್ರೆ ಗಾಬರಿ ಬೇಡ, ಸೊನ್ನೆ ಮಾಡಿ. ಆದ್ರೆ ಹಗಲು ಡೇಟಾ ಇಲ್ಲದ ಕಡೆ ದಯವಿಟ್ಟು ಸೊನ್ನೆ ತುಂಬಿಸ್ಬೇಡಿ, ಸಾಫ್ಟ್‌ವೇರ್ ಅದನ್ನ ಕತ್ತಲೆ ಅಂತಲೇ ನಂಬುತ್ತೆ. ಒಂದೆರಡು ಗಂಟೆಯಾದ್ರೆ ಅಕ್ಕಪಕ್ಕದ್ದು ನೋಡಿ ತುಂಬಿ, ವಾರಗಟ್ಟಲೆ ಹೋಗಿದ್ರೆ ಸ್ಯಾಟಲೈಟ್ ಡೇಟಾದಿಂದ ಅದೇ ದಿನಗಳನ್ನ ತಂದು ಹಾಕಿ.

ಇಷ್ಟು ಮಾಡಿದ್ಮೇಲೆ ಇಡೀ ವರ್ಷದ ಜಿಎಚ್‌ಐ ಕೂಡಿ, ಒರಿಜಿನಲ್ ಫೈಲಲ್ಲೂ ಹೊಸದ್ರಲ್ಲೂ. ನೀವು ತುಂಬಿದ ಸಾಲು, ತೆಗೆದ ಸಾಲು, ಸೊನ್ನೆ ಮಾಡಿದ ರಾತ್ರಿ ಬಿಟ್ರೆ ಎರಡೂ ಒಂದೇ ಬರ್ಬೇಕು. ಬರದಿದ್ರೆ, ಟೈಮ್ ಸರಿ ಮಾಡೋಕೆ ಸಾಲು ಜರುಗಿಸುವಾಗ ಡಿಸೆಂಬರ್ 31ರ ಕೊನೇ ಗಂಟೆಯನ್ನೋ ಜನವರಿ 1ರ ಮೊದಲ ಗಂಟೆಯನ್ನೋ ಕಳ್ಕೊಂಡಿದ್ದೀರ ಅಂತ ಅನುಮಾನ ಪಡ್ಬೇಡಿ, ಜರುಗಿಸಿದ್ದು ಯುಟಿಸಿ+1ರ ಥರ ಒಂದೇ ಗಂಟೆ ಆದ್ರೆ ಅವೆರಡೂ ರಾತ್ರಿಯವು, ಜಿಎಚ್‌ಐ ಸೊನ್ನೆ. ನಡುವಲ್ಲೆಲ್ಲೋ ಹಗಲಿನ ಸಾಲೇ ಹೋಗಿದೆ, ಅದನ್ನ ಹುಡುಕಿ.