ದೀಪದ ಬುಡದ ಕತ್ತಲೆ ಮತ್ತು ರಾಕೆಟ್ ಇಂಧನ

ದೀಪದ ಬುಡದಲ್ಲಿ ಕತ್ತಲೆ ಎನ್ನುವ ಗಾದೆ ರಾಕೆಟ್ಟಿನ ಒಂದು ಬಗೆಯ ಘನ ಇಂಧನಕ್ಕೆ ಅಕ್ಷರಶಃ ಒಪ್ಪುತ್ತದೆ. ನೈಟ್ರೋಸೆಲ್ಯುಲೋಸ್, ನೈಟ್ರೋಗ್ಲಿಸರಿನ್ ಬೆರೆತ ಕಡ್ಡಿಯೊಂದು ಗಾಜಿನ ಕಿಟಕಿಯುಳ್ಳ ಉಕ್ಕಿನ ಪಾತ್ರೆಯೊಳಗೆ ಉರಿಯುವಾಗ, ಹೊಳೆಯುವ ಜ್ವಾಲೆ ಕಡ್ಡಿಗೆ ತಾಗಿರುವುದಿಲ್ಲ. ನಡುವೆ ಒಂದು ಕಪ್ಪು ಪಟ್ಟಿ ಇರುತ್ತದೆ. ಒತ್ತಡ ಏರಿದಂತೆ ಪಟ್ಟಿ ಕಿರಿದಾಗುತ್ತದೆ. ಒತ್ತಡ ತೀರಾ ಇಳಿದರೆ ಬೆಳಕೇ ಮಾಯವಾಗಿ, ಕಡ್ಡಿ ಸುಮ್ಮನೆ ಸವೆಯುತ್ತದೆ.

ಈ ಕತ್ತಲೆಗೆ ಕಾರಣ ನೈಟ್ರಿಕ್ ಆಕ್ಸೈಡ್ ಎಂಬ ಸೋಮಾರಿ ಅನಿಲ. ಮೇಲ್ಮೈಯಿಂದ ಮೊದಲು ಕಳಚುವ ನೈಟ್ರೋಜನ್ ಡೈಆಕ್ಸೈಡ್ ಅನಿಲವು ಆಲ್ಡಿಹೈಡ್ ಎಂಬ ಸಾವಯವ ಅನಿಲಗಳ ಜೊತೆ ಥಟ್ಟನೆ ವರ್ತಿಸಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಅದು ಮುಂದೆ ನೈಟ್ರೋಜನ್ ಆಗಬೇಕಾದರೆ, ಸಾವಿರ ಡಿಗ್ರಿ ಮೀರಿದ ಬಿಸಿಯಲ್ಲೂ ಒಂದಿಷ್ಟು ಹೊತ್ತು ಬೇಕು. ಆ ಹೊತ್ತೇ ನಮಗೆ ಕಪ್ಪಾಗಿ ಕಾಣುವುದು.

ಡೈನಮೈಟ್ ಖ್ಯಾತಿಯ ಆಲ್ಫ್ರೆಡ್ ನೊಬೆಲ್ 1887ರಲ್ಲಿ ಇಂಥದೇ ಮಿಶ್ರಣಕ್ಕೆ ಪೇಟೆಂಟ್ ಪಡೆದ ಮೇಲೆ ಎರಡು ಮಹಾಯುದ್ಧಗಳು ಮುಗಿದರೂ, ಹೆಚ್ಚಿನವರಿಗೆ ಬೇಕಿದ್ದದ್ದು ಒಂದೇ ಅಂಕಿ: ಸೆಕೆಂಡಿಗೆ ಎಷ್ಟು ಮಿಲಿಮೀಟರ್ ಉರಿಯುತ್ತದೆ? ಕಡ್ಡಿಗೆ ಅಡ್ಡಲಾಗಿ ಸಣ್ಣ ತಂತಿಗಳನ್ನು ಪೋಣಿಸಿ, ಅವು ಒಂದೊಂದಾಗಿ ಕರಗಿ ಕಡಿಯುವ ಹೊತ್ತನ್ನು ಗಡಿಯಾರದಲ್ಲಿ ಹಿಡಿದರೆ ಉತ್ತರ ಸಿಗುತ್ತಿತ್ತು. ರಾಕೆಟ್ ಹಾರುತ್ತಿತ್ತು. ಕಾರಣ ಹುಡುಕಿದವರು ಕೆಲವರೇ.

ಉರಿಯಲು ಬೇಕಾದ ಆಮ್ಲಜನಕ ಒದಗಿಸುವ ಅಮೋನಿಯಂ ಪರ್ಕ್ಲೋರೇಟ್ ಹರಳುಗಳನ್ನು ರಬ್ಬರಿನಂಥ ಅಂಟಿನಲ್ಲಿ ಕೂಡಿಸಿದ ಇಂಧನ ಬಂದ ಮೇಲೆ ಗೋಜಲು ಹೆಚ್ಚಿತು. 1970ರ ಹೊತ್ತಿಗೆ, ಒಂದೊಂದು ಹರಳಿನ ಮೇಲೂ ಒಂದಲ್ಲ, ಮೂರು ಜ್ವಾಲೆಗಳಿವೆ ಎಂಬ ಚಿತ್ರ ಸಿದ್ಧವಾಯಿತು. ಚಿತ್ರವೇನೋ ಸಿದ್ಧವಾಯಿತು, ಇಣುಕಿ ನೋಡುವುದು ಹೇಗೆ? ಸೋವಿಯತ್ ಪ್ರಯೋಗಾಲಯಗಳಲ್ಲಿ ಬಿಸಿ ಅಳೆಯುವ, ಕೆಲವೇ ಮೈಕ್ರಾನ್ ದಪ್ಪದ ಥರ್ಮೋಕಪಲ್ ತಂತಿಗಳನ್ನು ಇಂಧನದೊಳಗೇ ಹುದುಗಿಸಿದರು. ನೊವೊಸಿಬಿರ್ಸ್ಕ್‌ನಲ್ಲಿ ಒಲೆಗ್ ಕೊರೊಬೈನಿಚೆವ್ ತಂಡ ಶಂಕುವಿನಾಕಾರದ ಸಣ್ಣ ನಳಿಗೆಯ ತೂತಿನಿಂದ ಜ್ವಾಲೆಯ ಅನಿಲವನ್ನು ನಿರ್ವಾತಕ್ಕೆ ಸೆಳೆದುಕೊಂಡಿತು. ಒಳಗೆ ಬಂದ ಅಣುಗಳು ಪರಸ್ಪರ ಡಿಕ್ಕಿಯಾಗದೆ ಸಾಗುವುದರಿಂದ ಕ್ರಿಯೆ ಅಲ್ಲಿಗೇ ನಿಲ್ಲುತ್ತದೆ. ಮಾಸ್ ಸ್ಪೆಕ್ಟ್ರೋಮೀಟರ್ ಅವನ್ನು ತೂಗಿ ಹೆಸರು ಹೇಳುತ್ತದೆ. ಆದರೆ ಇದೆಲ್ಲ ಕಡಿಮೆ ಒತ್ತಡದಲ್ಲಿ ಮಾಡುವ ಕೆಲಸ. ನಿಜವಾದ ರಾಕೆಟ್ಟಿನೊಳಗೆ ಅದರ ಹತ್ತಾರು ಪಟ್ಟು ಒತ್ತಡವಿರುತ್ತದೆ, ಜ್ವಾಲೆ ಮೇಲ್ಮೈಗೆ ಅಂಟಿಕೊಂಡುಬಿಡುತ್ತದೆ.

ಇಸ್ರೋದ ಅತಿ ದೊಡ್ಡ ಘನ ಮೋಟರು, ಇನ್ನೂರು ಟನ್ನಿಗೂ ಹೆಚ್ಚು ಇಂಧನ ಹೊರುವ ಎಸ್200, ಇಂದಿಗೂ ಪರ್ಕ್ಲೋರೇಟನ್ನೇ ನೆಚ್ಚಿಕೊಂಡಿದೆ. ಅದು ಉರಿದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲೀಯ ಅನಿಲ ಹೊರಬರುತ್ತದೆಂಬ ಕಾರಣಕ್ಕೆ, ಕ್ಲೋರಿನ್ ಇಲ್ಲದ ಅಮೋನಿಯಂ ಡೈನೈಟ್ರಮೈಡ್ ಮೇಲೆ ಈಗ ಹಲವರ ಕಣ್ಣು. 1971ರಲ್ಲೇ ಮಾಸ್ಕೋದಲ್ಲಿ ತಯಾರಾಗಿ, ಗುಟ್ಟಾಗಿಯೇ ಉಳಿದ ಆ ಲವಣವನ್ನು 1980ರ ದಶಕದ ಕೊನೆಯಲ್ಲಿ ಅಮೆರಿಕದವರು ಮತ್ತೊಮ್ಮೆ ಕಂಡುಹಿಡಿಯಬೇಕಾಯಿತು.

ಇನ್ನು ಸ್ಫೋಟದ ಸುದ್ದಿಗಳಲ್ಲಷ್ಟೇ ನಾವು ಕಾಣುವ ಆರ್‌ಡಿಎಕ್ಸ್. ಅದೂ ಸದ್ದಿಲ್ಲದೆ ಕರಗಿ, ಗುಳ್ಳೆಯೆದ್ದು ಉರಿಯಬಲ್ಲದು. 1990ರ ದಶಕದ ಕೆಲವು ಕಂಪ್ಯೂಟರ್ ಮಾದರಿಗಳಲ್ಲಿ ಅದರ ಜ್ವಾಲೆಗೆ ಇನ್ನೂರಕ್ಕೂ ಹೆಚ್ಚು ರಾಸಾಯನಿಕ ಕ್ರಿಯೆಗಳಿದ್ದವು. ಆ ಜ್ವಾಲೆಗೆ ಅನಿಲ ಉಣಿಸುವ ಕರಗಿದ ತೆಳು ಪದರಕ್ಕೆ ಕೊಟ್ಟಿದ್ದು ಎರಡೇ ಕ್ರಿಯೆ.